ನೆರಳು ಅಳೆದ ಕಲ್ಲುಗಳು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಈ ನಾಲ್ಕು ಊರುಗಳ ಪೈಕಿ ಒಂದರ ಉದ್ಯಾನದಲ್ಲಿ ಒಂದು ದೇವಿಯ ಗುಡಿ ಇದೆ. ಅದನ್ನು ಸ್ಥಾಪಿಸಿದವಳು ನಾನು. ಯಾವ ಊರೆಂದು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಜಗಳಕ್ಕೆ ಬಂದಾರು ಎಂಬ ಹೆದರಿಕೆ ನನಗಿಲ್ಲ. ಕಾಲಿಗೆ ಬೀಳಲು ಬರುತ್ತಾರೆ, ಅದನ್ನು ತಾಳಿಕೊಳ್ಳುವುದು ನನ್ನಿಂದಾಗದು.

ನಾನು ಕಟ್ಟಡಗಳ ನಕ್ಷೆ ಬರೆಯುವವಳು. ಡಿಪ್ಲೊಮಾ ಮುಗಿಸಿದಾಗಿನಿಂದ ಒಬ್ಬ ಖಾಸಗಿ ಎಂಜಿನಿಯರರ ಕೈಕೆಳಗೆ ಕೆಲಸ. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತೇವೆ. ಗಟಾರ, ಶಾಲೆಯ ಕೋಣೆ, ಸಮುದಾಯ ಭವನ, ಮತ್ತೆ ಗಟಾರ. ಹೀಗೇ ಇಪ್ಪತ್ತು ವರ್ಷ ಕಳೆದಿದ್ದವು. ಮೂರು ಬೇಸಿಗೆಯ ಹಿಂದೆ ಈ ನಾಲ್ಕೂ ಊರಿನ ಉದ್ಯಾನಗಳಿಗೆ ನೆರಳಿನ ಆಸನ ಮಾಡುವ ಕೆಲಸ ಸಾಹೇಬರಿಗೆ ಬಂತು. ಜೊತೆಗೆ ಬಂದ ಕಾಗದದಲ್ಲಿ ಸ್ಥಳ ಅಧ್ಯಯನ ಕಡ್ಡಾಯ ಎಂದಿತ್ತು. ಸಾಹೇಬರಿಗೆ ಬಿಸಿಲು ಆಗಿಬರುವುದಿಲ್ಲ. "ನೀವ ಹೋಗ್ರಿ. ಒಂದೊಂದ ಊರಾಗ ನಾಕ ದಿನ ಕುಂತ, ಯಾರ್ ಎಲ್ಲಿ ಕುಂದ್ರತಾರ ಬರಕೊಂಡ ಬರ್ರಿ," ಎಂದರು. ಕಾಗದದ ಬಾಯಿ ಮುಚ್ಚಿಸಲು ಹೇಳಿದ ಮಾತದು. ನಾನು ಅದನ್ನು ನಿಜವೆಂದೇ ತಿಳಿದೆ. ಗೆರೆ ಎಳಿ ಎಂದವರುಂಟು, ಅಳಿಸು ಎಂದವರುಂಟು, ಹೋಗಿ ಕಣ್ಣಾರೆ ನೋಡಿ ಬಾ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಷ್ಟಕ್ಕೇ ಹಿಗ್ಗಿಬಿಟ್ಟಿದ್ದೆ.

ಉದ್ಯಾನದ ಬೆಂಚುಗಳನ್ನು ಮಾಡಿಸುವವರು ಅವುಗಳ ಮೇಲೆ ಎಂದೂ ಕುಳಿತವರಲ್ಲ ಎಂಬುದು ಮೊದಲ ಮಧ್ಯಾಹ್ನವೇ ಗೊತ್ತಾಯಿತು. ಸಿಮೆಂಟಿನ ಬೆಂಚು, ಬೆನ್ನೊರಗುವಲ್ಲಿ ಯಾರದೋ ತೀರಿಹೋದ ತಂದೆಯ ಹೆಸರು, ನೆತ್ತಿಯ ಮೇಲೆ ನೇರ ಸೂರ್ಯ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಜ್ವರದ ಯಂತ್ರವೊಂದು ಕಚೇರಿಯ ಕಪಾಟಿನಲ್ಲಿ ಬಿದ್ದಿತ್ತು, ಅದನ್ನು ಒಯ್ದಿದ್ದೆ. ನಡು ಮಧ್ಯಾಹ್ನ ಬೆಂಚಿಗೆ ಹಿಡಿದರೆ ಅಂಕಿಯನ್ನೇ ತೋರಿಸದೆ ಕೆಂಪು ದೀಪ ಹಚ್ಚಿಕೊಂಡು ಕಿರುಚಿತು. ಇನ್ನೊಂದು ಊರಿನ ಉದ್ಯಾನದಲ್ಲಿ ಸಿಮೆಂಟಿನ ದೊಡ್ಡ ಕೊಡೆ ಮಾಡಿ ಅದರ ಕೆಳಗೆ ಆಸನ ಕಟ್ಟಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಕೊಡೆಯ ನೆರಳು ಆಸನ ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಹೋಗಿ ಬೀಳುತ್ತಿತ್ತು. ಹುಲ್ಲಿನ ಅಂಚಿಗೆ, ಹುಲ್ಲಿನ ಮೇಲೆ ಕಾಲಿಡಬಾರದು ಎಂಬ ಫಲಕ. ಜನರೆಲ್ಲ ಬಿಸಿಲಲ್ಲಿ ನಿಂತು ಆ ನೆರಳನ್ನು ನೋಡುತ್ತಿದ್ದರು. ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅಂಥ ಕೊಡೆಗಳ ನಕ್ಷೆಯನ್ನು ನಾನೇ ಎಷ್ಟೋ ಸಲ ಬರೆದುಕೊಟ್ಟಿದ್ದೆ.

ಆಸ್ಪತ್ರೆಗೆಂದು ಹಳ್ಳಿಯಿಂದ ಬಂದ ಹೆಂಗಸರು ಮಧ್ಯಾಹ್ನದ ಬಸ್ಸಿಗೆ ಕಾಯುತ್ತ ಉದ್ಯಾನಕ್ಕೆ ಬರುತ್ತಿದ್ದರು. ಬೆಂಚು ಖಾಲಿ ಇದ್ದರೂ ಅದರ ಹಿಂದೆ ನೆಲದ ಮೇಲೆ ಕೂರುತ್ತಿದ್ದರು. ಏಕೆಂದು ಕೇಳಿದರೆ ಒಬ್ಬಳು ಸೆರಗು ಎಳೆದುಕೊಂಡು, "ಅಲ್ಲೆ ಹಿರ್‍ಯಾರು ಇಸ್ಪೀಟ್ ಆಡಾಕತ್ತಾರ್ರಿ. ಅವರ ಎದುರಿಗೆ ಎತ್ತರಕ್ಕ ಹೆಂಗ ಕುಂದ್ರೂದು?" ಎಂದಳು. ಇದನ್ನೂ ಬರೆದುಕೊಂಡೆ. ಹಂಸಭಾವಿಯ ನಮ್ಮ ಮನೆಯಲ್ಲಿ ನನ್ನವ್ವ ಇಂದಿಗೂ ಕುರ್ಚಿಯ ಮೇಲೆ ಕೂರುವುದಿಲ್ಲ. ಅದನ್ನು ನಾಲ್ಕು ದಶಕ ನೋಡಿಕೊಂಡೇ ಬೆಳೆದವಳು, ನಕ್ಷೆಯಲ್ಲಿ ಮಾತ್ರ ಬೆಂಚುಗಳನ್ನು ಎತ್ತರಕ್ಕೇ ಬರೆಯುತ್ತಿದ್ದೆ.

ನಾನು ಹೇಳುತ್ತಿರುವ ಊರಿನ ಉದ್ಯಾನದ ಪಶ್ಚಿಮದ ಮೂಲೆಯಲ್ಲಿ ಒಂದು ಬೇವಿನ ಮರವಿತ್ತು. ಅದರ ಬುಡದಲ್ಲಿ ಗೊಬ್ಬರದ ಖಾಲಿ ಚೀಲ ಹಾಸಿಕೊಂಡು ಉದ್ಯಾನದ ಕಸ ಗುಡಿಸುವ ಹೆಂಗಸು ಕೂರುತ್ತಿದ್ದಳು. ಐವತ್ತರ ಆಜುಬಾಜು ವಯಸ್ಸು. ಬೆಳಗಿನ ಆರಕ್ಕೆ ಬಂದು ಹತ್ತಕ್ಕೆಲ್ಲ ಗುಡಿಸಿ ಮುಗಿಸಿದರೂ ಎರಡನೆಯ ಹಾಜರಿ ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಉದ್ಯಾನ ಬಿಟ್ಟು ಹೋಗುವಂತಿಲ್ಲ. ಕೆಲಸದವರ ಮೇಲ್ವಿಚಾರಣೆಯ ಮುಕಾದಮ ಯಾವಾಗ ಬೇಕಾದರೂ ಬಂದು ನೋಡುತ್ತಾನೆ. ಹಿಂದಿನ ಬೇಸಿಗೆಯಲ್ಲಿ ಗೇಟಿನ ಹತ್ತಿರ ತಲೆ ತಿರುಗಿ ಬಿದ್ದು ಎರಡು ದಿನ ಆಸ್ಪತ್ರೆಯಲ್ಲಿದ್ದಳಂತೆ. ಅಲ್ಲಿಂದ ಬಂದ ಮೇಲೆ ಈ ಮರ ಹಿಡಿದಿದ್ದಳು.

ಬೆಂಚಿನ ಮೇಲೆ ಕುದಿಯುತ್ತ ಕುಳಿತಿದ್ದ ನನ್ನನ್ನು ಅವಳೇ ಕರೆದಳು. "ಬಾಯಾರ, ಅಲ್ಲೆ ಕುಂತ್ರ ಸುಟ್ಟ ಹೋಗತೀರಿ. ಇಲ್ಲೆ ಬರ್ರಿ." ಆಮೇಲೆ ಸ್ವಲ್ಪ ತಡೆದು, "ನಾವು ಕುಂದ್ರೂ ಜಾಗಾರಿ ಇದು. ನಿಮಗ ನಡಿತೈತಿ ಅಂದ್ರ," ಎಂದಳು. ಅವಳು ಯಾವ ಕೇರಿಯವಳೆಂದು ಆ ಮಾತಿನಿಂದ ನನಗೆ ತಿಳಿಯಿತು. ನಾನು ಯಾವ ಓಣಿಯವಳೆಂದು ನನ್ನ ಹಣೆಯ ವಿಭೂತಿ ಅವಳಿಗೆ ಮೊದಲೇ ಹೇಳಿತ್ತು. ಹೋಗಿ ಚೀಲದ ಅರ್ಧದ ಮೇಲೆ ಕುಳಿತೆ. ಕುಳಿತದ್ದಷ್ಟೇ ಅಲ್ಲ, ಎಷ್ಟು ದೊಡ್ಡ ಮನಸ್ಸಿನವಳು ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವಳು ನನಗೆ ನೆರಳು ಕೊಟ್ಟಿದ್ದಳು, ಉಪಕಾರ ಮಾಡಿದವಳು ನಾನೆಂದು ಬೀಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ನಾಲ್ಕು ದಿನದಲ್ಲಿ ಅವಳಿಂದ ಕಲಿತಷ್ಟನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ. "ಹನ್ನೊಂದಕ್ಕ ನೆಳ್ಳ ಕಂಪೌಂಡ್ ಕಡೆ ಇರತೈತ್ರಿ. ಹನ್ನೆರಡೂವರಿಗೆ ಬುಡಕ್ಕ ಬರತೈತಿ. ಎರಡಕ್ಕ ನೀರಿನ ಪೈಪಿನ ಕಡೆ ಹೊಂಟ ಬಿಡತೈತಿ. ನಾನೂ ಚೀಲಾ ಎಳಕೊಂತ ಅದರ ಹಿಂದ ಹೊಂಟ ಬಿಡತೇನಿ." ಸೂರು ಮಾಡಿದರೆ ಸಾಲದೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು. "ತಲಿ ಮ್ಯಾಲಿನ ಬಿಸಲ ಏನ್ ಮಾಡೂದಿಲ್ರಿ. ಎರಡರ ಮ್ಯಾಲೆ ಮಗ್ಗಲಿಂದ ಬರತೈತಲ್ಲ, ಅದು ಕೆಟ್ಟ ಬಿಸಲ. ನಾ ಬಿದ್ದದ್ದೂ ಅದಕ್ಕರಿ."

ಅವಳ ಮಾತನ್ನೇ ನಕ್ಷೆ ಮಾಡಿದೆ. ನೆಲದಿಂದ ಒಂದು ಗೇಣಿಗಿಂತ ತುಸು ಎತ್ತರದ ಅಗಲವಾದ ಕಟ್ಟೆ, ಯಾರ ಎದುರಿಗೂ ಎತ್ತರಕ್ಕೆ ಕುಳಿತಂತಾಗಬಾರದು. ಮೇಲೆ ಹಂಚಿನ ಮಾಡು, ಪಶ್ಚಿಮಕ್ಕೆ ಇಳಿಜಾರು. ಆ ಬದಿಗೆ ಕಟ್ಟಿಗೆಯ ಪಟ್ಟಿಗಳ ತಡಿಕೆ, ಗಾಳಿ ಬರಬೇಕು, ಮಗ್ಗುಲ ಬಿಸಿಲು ಬರಬಾರದು. ನಕ್ಷೆಯಲ್ಲಿ ಅಳತೆ ತಿಳಿಯಲೆಂದು ಒಂದು ಮನುಷ್ಯನ ಆಕಾರ ಬರೆಯುವ ರೂಢಿ ಇದೆ. ಈ ಸಲ ಕಾಲು ಚಾಚಿ ಕುಳಿತ ಹೆಂಗಸನ್ನು ಬರೆದೆ. ಅವಳು ನೋಡಿ, "ನನ್ನ ಹೊಟ್ಟಿ ಇಷ್ಟ ದಪ್ಪ ಐತೇನ್ರಿ?" ಎಂದು ನಕ್ಕಳು. "ಮುಂದಿನ ಬ್ಯಾಸಗಿಗೆ ನೀ ಇದರಾಗ ಕುಂತಿರತಿ, ನೋಡವಾ," ಎಂದು ಮಾತು ಕೊಟ್ಟೆ. ಅವಳು ಕೇಳಿರಲಿಲ್ಲ, ನಾನಾಗಿಯೇ ಕೊಟ್ಟೆ.

ಇನ್ನು ಕಲ್ಲಿನ ಕಥೆ. ಯಾವ ಗಂಟೆಗೆ ನೆರಳಿನ ಅಂಚು ಎಲ್ಲಿರುತ್ತದೆ ಎಂದು ಗುರುತು ಹಾಕಬೇಕಿತ್ತು. ಸುಣ್ಣದ ಗೆರೆ ಎಳೆದರೆ ಗಾಳಿ ಒರೆಸಿತು. ಗೂಟ ಹುಗಿದರೆ ಆಡುಗಳು ಕೆಡವಿದವು. ಕೊನೆಗೆ ಅವಳೇ ಮುರಿದ ಗಟಾರದ ಅಂಚಿನಿಂದ ಐದು ಗುಂಡುಕಲ್ಲು ಹೊತ್ತು ತಂದಳು. ಹನ್ನೊಂದರಿಂದ ಮೂರರವರೆಗೆ ಗಂಟೆಗೊಂದು ಕಲ್ಲು. ಮರದ ಸುತ್ತ ಅರ್ಧ ಬಳೆಯ ಆಕಾರದಲ್ಲಿ ಕುಳಿತವು. ಆದರೆ ಮಣ್ಣಿನ ಬಣ್ಣದ ಕಲ್ಲು ಫೋಟೋದಲ್ಲಿ ಕಾಣುತ್ತಿರಲಿಲ್ಲ. ಅಂದು ಗೇಟಿಗೆ ಬಣ್ಣ ಬಳಿಯುತ್ತಿದ್ದ ಪೇಂಟರನ ಡಬ್ಬಿಯಲ್ಲಿ ಕೆಂಪು ಮಿಕ್ಕಿತ್ತು, ಇಸಿದುಕೊಂಡು ಬಂದೆ.

"ಬಾಯಾರ, ಕೆಂಪ ಬ್ಯಾಡ್ರಿ," ಎಂದಳು ಅವಳು. "ಬ್ಯಾರೆ ಬಣ್ಣ ಇಲ್ಲೇನ್ರಿ?"

"ಫೋಟೋದಾಗ ಇದ ಚಲೋ ಕಾಣತೈತಿ," ಎಂದೆ.

"ಬೇವಿನ ಗಿಡದ ಬುಡಕ್ಕ ಕೆಂಪ ಹಚ್ಚಿದ ಕಲ್ಲು…" ಎಂದು ಅರ್ಧಕ್ಕೆ ನಿಲ್ಲಿಸಿದಳು. ನಾನು ಕುಂಚ ಅದ್ದಿಯಾಗಿತ್ತು. ಬೇವಿನ ಬುಡ, ಕೆಂಪು ಕಲ್ಲು. ಹಂಸಭಾವಿಯಲ್ಲಿ ಹುಟ್ಟಿದವಳು ನಾನು, ದಾರಿಯ ಪ್ರತಿ ಕಲ್ಲಿಗೂ ಕೈ ಮುಗಿಸುತ್ತಲೇ ಅವ್ವ ನನ್ನನ್ನು ಶಾಲೆಗೆ ಕರೆದೊಯ್ಯುತ್ತಿದ್ದಳು. ಬೇರೆ ಸೀಮೆಯವರು ಮಾಡಿದ್ದರೆ ಗೊತ್ತಿಲ್ಲದೆ ಮಾಡಿದರು ಎನ್ನಬಹುದಿತ್ತು. ನನಗೆ ಆ ನೆಪವೂ ಇಲ್ಲ. ಅಧ್ಯಯನದ ಅಮಲು ತಲೆಗೇರಿತ್ತು, ಹಚ್ಚಿಬಿಟ್ಟೆ. ಉಳಿದ ಊರುಗಳ ಅಳತೆಗೆ ಹೊರಡುವಾಗ ಅವಳಿಗೆ, "ಇವನ್ನ ಯಾರೂ ಸರಸಧಂಗ ನೋಡಕೊ. ಹದಿನೈದ ದಿನಕ್ಕ ಬರ್ತೇನಿ," ಎಂದು ಬೇರೆ ಹೇಳಿದೆ.

ನೋಡಿಕೊಂಡಳು. ಪಾಪ, ಚೆನ್ನಾಗಿಯೇ ನೋಡಿಕೊಂಡಳು. ಯಾರು ಹತ್ತಿರ ಬಂದರೂ, ಕಲ್ಲು ಮುಟ್ಟಬ್ಯಾಡ್ರಿ ಎಂದು ಕೂಗುತ್ತಿದ್ದಳಂತೆ. ಮುಟ್ಟಬಾರದ ಕೆಂಪು ಕಲ್ಲು ಎಂದರೆ ನಮ್ಮ ಜನಕ್ಕೆ ಇನ್ನೇನು ಹೇಳಬೇಕು? ನಡುವೆ ಒಂದು ಅಮಾವಾಸ್ಯೆ ಬಂತು. ಆಸ್ಪತ್ರೆಯಿಂದ ಬಂದ ಒಬ್ಬ ಬಾಣಂತಿ ಜ್ವರದ ಕೂಸನ್ನು ಆ ನೆರಳಲ್ಲಿ ಮಲಗಿಸಿದಳಂತೆ, ಸಂಜೆಗೆ ಮೈ ತಣ್ಣಗಾಯಿತಂತೆ. ಬೇವಿನ ನೆರಳು, ಆಸ್ಪತ್ರೆಯ ಔಷಧ, ಇವೆರಡರ ಹೆಸರನ್ನು ಯಾರೂ ಎತ್ತಲಿಲ್ಲ.

ಉಳಿದ ಊರುಗಳ ಅಳತೆ ಮುಗಿಸಿ ನಾನು ಈ ಊರಿಗೆ ಮರಳಿ ಬಂದದ್ದು ಒಂದು ಮಂಗಳವಾರ. ಐದೂ ಕಲ್ಲಿಗೆ ಅರಿಶಿನ, ಕುಂಕುಮ, ಹಸಿರು ಬಳೆ. ಹನ್ನೆರಡರ ಕಲ್ಲಿಗೆ ಬೆಳ್ಳಿಯ ಕಣ್ಣು ಅಂಟಿಸಿದ್ದರು. ಎರಡರ ಕಲ್ಲಿನ ಮುಂದೆ ಕಾಯಿ ಒಡೆದಿತ್ತು. ಐದ ಕಲ್ಲಿನವ್ವ ಎಂದು ಹೆಸರೂ ಇಟ್ಟಾಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಎಂಬ ಗಾದೆ ಅಲ್ಲಿ ನಿಂತಾಗ ನೆನಪಾಯಿತು, ಆದರೆ ನಗು ಬರಲಿಲ್ಲ. ಸಾಲುಗಟ್ಟಿ ನಿಂತ ಹೆಂಗಸರ ನಡುವೆ ನುಗ್ಗಿ, "ಇವು ದೇವ್ರಲ್ರಿ. ನೆಳ್ಳ ಅಳಿಯಾಕ ನಾ ಇಟ್ಟ ಕಲ್ಲು. ಇದು ಗೇಟಿಗೆ ಹಚ್ಚೂ ಪೇಂಟು. ನನ್ನ ಕಡೆ ಫೋಟೋ ಅದಾವ, ನೋಡ್ರಿ," ಎಂದು ಮೊಬೈಲು ತೆಗೆದೆ.

ಒಬ್ಬ ಮುದುಕಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆಮೇಲೆ ಫೋಟೋಕ್ಕೂ ಒಮ್ಮೆ ಕೈ ಮುಗಿದು ನನ್ನ ಗದ್ದ ಹಿಡಿದಳು. "ನೀ ಇಟ್ಟಿ ಅಂತ ತಿಳಕೊಂಡಿ ಏನವಾ? ಆಕಿನ ನಿನ್ನ ಕೈಲೆ ಇಡಿಸ್ಯಾಳ."

ಮೊಬೈಲು ಒಳಗಿಟ್ಟು ಸಾಲಿನಿಂದ ಹೊರಬಂದೆ.

ಗುಡಿಸುವವಳು ಶೌಚಾಲಯದ ಗೋಡೆಗೆ ಆತುಕೊಂಡು ನಿಂತಿದ್ದಳು. ಆ ಗೋಡೆಗೆ ಎರಡು ಅಡಿಯ ನೆರಳಿತ್ತು, ಅದೂ ಮೂತ್ರದ ನಾತದ್ದು. ಚೀಲ ಕಂಕುಳಲ್ಲಿತ್ತು. ನಾನು ಹೋಗಿ ನಿಂತಾಗ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಕಸಾ ಹೊಡಿ ಅಂತಾರ್ರಿ. ಹೂವ, ಕಾಯಿಚಿಪ್ಪ ತಗದ ಒಗಿ ಅಂತಾರ್ರಿ. ಕುಂದ್ರಬ್ಯಾಡ ಅಂತಾರ," ಎಂದಳು. ಕಂಕುಳ ಚೀಲವನ್ನು ಮೇಲಕ್ಕೆ ಸರಿಸಿಕೊಂಡು, "ನಮ್ಮನ್ಯಾಗ ಬುದ್ಧನ ಫೋಟೋ ಒಂದ ಐತ್ರಿ. ಕಲ್ಲಿಗೆ ಕೈ ಮುಗಿಯೂದು ನಮ್ಮಪ್ಪನ ಕಾಲಕ್ಕ ಬಿಟ್ಟೇವಿ. ಕಲ್ಲು ನಮ್ಮನ್ನ ಬಿಡವಲ್ದು," ಎಂದಳು. ದೂರ ಸರಿ ಎಂದು ಅವಳನ್ನು ಮೊದಲು ಎಬ್ಬಿಸಿದವರು ಇಸ್ಪೀಟಿನ ಗಂಡಸರು. ಹಿಂದಿನ ಬೇಸಿಗೆಯಿಂದ ಅದೇ ಮರದ ಕೆಳಗೆ ಅವಳು ಕುಳಿತದ್ದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಆ ಜಾಗಕ್ಕೆ ಬೆಲೆ ಬಂದ ದಿನ ಅವಳು ಕಂಡಳು.

ರಾತ್ರಿಯ ಮೊದಲ ಬಸ್ಸಿಗೇ ಊರು ಸೇರಿ, ಮರುದಿನ ಸಾಹೇಬರ ಮುಂದೆ ಎಲ್ಲ ಹೇಳಿಕೊಂಡೆ. ಕಲ್ಲು ಎತ್ತಿಸಬೇಕು ಎಂದೆ. ಅವರು ಕುರ್ಚಿಯಿಂದ ಅರ್ಧ ಎದ್ದರು. "ಹುಚ್ಚ ಹಿಡದೈತೇನ್ರಿ ನಿಮಗ? ದೇವರ ವಿಷಯಕ್ಕ ಕೈ ಹಾಕಬ್ಯಾಡ್ರಿ. ನಾಳೆ ಊರಾಗ ಗದ್ದಲ ಆದ್ರ ಯಾರ ನಿಂದ್ರಾವ್ರು?" ಆಮೇಲೆ ನನ್ನ ನಕ್ಷೆಯ ಮೇಲೆ ಅವರ ಕಣ್ಣು ಬಿತ್ತು. ತಿರುಗಿಸಿ ಮುರುಗಿಸಿ ನೋಡಿದರು. ಮುಖ ಅರಳಿತು. "ಅಲ್ರೀ, ಇದು ಅಲ್ಲಿಗೆ ಹೇಳಿ ಮಾಡಿಸಿಧಂಗ ಐತಲ್ಲ!"

ಆ ಊರಿನ ಪ್ರಮುಖರು ನೆರಳಿನ ಆಸನದ ಬದಲು ಐದ ಕಲ್ಲಿನವ್ವನಿಗೆ ಒಂದು ನೆರಳು ಆಗಲಿ ಎಂದು ಮೊದಲೇ ಕೇಳಿಕೊಂಡಿದ್ದರಂತೆ. ಸಾಹೇಬರು ನಕ್ಷೆಯಲ್ಲಿದ್ದ ಕಾಲು ಚಾಚಿದ ಹೆಂಗಸನ್ನು ಅಳಿಸಿ, ಆ ಜಾಗದಲ್ಲಿ ಐದು ಸಣ್ಣ ಸೊನ್ನೆ ಸುತ್ತಿದರು. ಮುಂದೆ ಒಂದು ಕಬ್ಬಿಣದ ಜಾಳಿಗೆ ಬರೆಯಲು ನನಗೆ ಹೇಳಿದರು. ನಾನು ಬರೆದುಕೊಟ್ಟೆ. ಕೆಲಸ ಬಿಡುತ್ತೇನೆ ಎನ್ನಲಿಲ್ಲ, ಪೆನ್ನು ಎಸೆಯಲಿಲ್ಲ. ಜಾಳಿಗೆಯ ಸರಳುಗಳ ನಡುವಿನ ಅಂತರವನ್ನು ಕೂಡ ಸರಿಯಾಗಿ ಗುರುತಿಸಿದೆ. ಉಳಿದ ಮೂರು ಊರುಗಳಿಗೆ ಹಳೆಯ ಸಿಮೆಂಟಿನ ಕೊಡೆಯೇ ಹೋಯಿತು. ನನ್ನ ಅಧ್ಯಯನದ ವರದಿಯನ್ನು ಅದರ ಜೊತೆ ಲಗತ್ತಿಸಿದ್ದಾರೆ ಎಂದು ಕೇಳಿದ್ದೇನೆ.

ಈ ಸುದ್ದಿ ಹಂಸಭಾವಿ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಅವ್ವ ಕಂಡವರಿಗೆಲ್ಲ, "ಅವ್ವ ನನ್ನ ಮಗಳ ಕೈಲೆ ಬಂದಾಳ," ಎಂದು ಹೇಳಿಕೊಂಡು ತಿರುಗಿದಳು. ನಾನು ಎಷ್ಟು ತಿಳಿಸಿ ಹೇಳಿದರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ವರ್ಷದಲ್ಲಿ ನಾನು ಬರೆದ ಶಾಲೆಗಳನ್ನು ನೋಡಲು ಒಮ್ಮೆಯೂ ಬಾರದವಳು, ಮಾಡು ಏರಿದ ಮೇಲೆ ಉಡಿ ತುಂಬುವ ದಿನಕ್ಕೆ ನನ್ನನ್ನು ಕೈ ಹಿಡಿದು ಕರೆದೊಯ್ದಳು. ಅದು ಮರುವರ್ಷದ ಬೇಸಿಗೆ. ಹೋಗುವುದಿಲ್ಲ ಎಂದು ಹಟ ಹಿಡಿಯಬಹುದಿತ್ತು. ಅವ್ವನಿಗಾಗಿ ಹೋದೆ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ನಾನು ಬರೆದದ್ದು ಹೇಗೆ ನಿಂತಿದೆ ಎಂದು ನೋಡುವ ಆಸೆಯೂ ಇತ್ತು.

ಚೆನ್ನಾಗಿ ನಿಂತಿತ್ತು. ಹಾಳಾದ್ದು, ಎಷ್ಟು ಚೆನ್ನಾಗಿ ನಿಂತಿತ್ತು! ಐವರು ಮುತ್ತೈದೆಯರನ್ನು ಜಾಳಿಗೆಯ ಮುಂದಿನ ತಗ್ಗು ಕಟ್ಟೆಯ ಮೇಲೆ ಕೂರಿಸಿದರು, ಮೊದಲನೆಯವಳು ನಾನು. ಗಂಟೆ ಎರಡು ದಾಟಿತ್ತು. ಹೊರಗೆ ಉದ್ಯಾನವೆಲ್ಲ ಉರಿಯುತ್ತಿತ್ತು, ಒಳಗೆ ಮಾತ್ರ ತಂಪು. ತಡಿಕೆಯ ಸಂದಿನಿಂದ ಗಾಳಿ ಬರುತ್ತಿತ್ತು, ಮಗ್ಗುಲ ಬಿಸಿಲು ಒಂದು ಎಳೆಯೂ ಬರುತ್ತಿರಲಿಲ್ಲ. ಹಿರಿಯರ ಎದುರಿಗೂ ಹೆಂಗಸರು ಸಂಕೋಚವಿಲ್ಲದೆ ಆರಾಮಾಗಿ ಕುಳಿತಿದ್ದರು. ನನ್ನ ಎದೆ ಉಬ್ಬಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಉಬ್ಬಿತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಖಣ, ಒಂದೊಂದಾಗಿ ನನ್ನ ಸೆರಗಿಗೆ ಬಂದು ಬಿದ್ದವು.

ಆಗ ಅವಳನ್ನು ಕಂಡೆ. ಕಟ್ಟೆಯಿಂದ ನಾಲ್ಕು ಮಾರು ಆಚೆ, ಬುಟ್ಟಿ ಹಿಡಿದು ಬಿಸಿಲಲ್ಲಿ ನಿಂತಿದ್ದಳು. ಉಂಡ ಎಲೆ, ಬಾಡಿದ ಹೂವು ಎತ್ತಲು ಕಾಯುತ್ತಿದ್ದಳು. ಸೆರಗನ್ನು ತಲೆಯ ಮೇಲೆ ಎರಡು ಮಡಿಕೆ ಹೊದ್ದಿದ್ದಳು. ಮುಖ ಸುಟ್ಟು ಒಣಗಿತ್ತು. ನನಗೆ ತಡೆಯಲಾಗಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ಅಕ್ಕಾ, ಬಾರವಾ. ಇಲ್ಲೆ ಬಂದ ಕುಂದ್ರ. ಇದು ನಿನ್ನ ಜಾಗಾ."

ಉಡಿ ತುಂಬುತ್ತಿದ್ದವರ ಕೈ ನಿಂತವು. ನನ್ನವ್ವ ತೊಡೆ ಚಿವುಟಿದಳು. ಬುಟ್ಟಿ ಹಿಡಿದು ನಿಂತಿದ್ದವಳು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಕೊನೆಗೆ ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ್ರಿ ಬಾಯಾರ. ನೀವ ಸಂಜಿ ಬಸ್ಸಿಗೆ ಹೋಗಾವ್ರು. ನಾ ನಾಳೆ ಮುಂಜಾನೆ ಮತ್ತ ಇಲ್ಲೇ ಬರಬೇಕ್ರಿ."

ನಾನು ಎದ್ದು ಅವಳ ಪಕ್ಕಕ್ಕೆ ಹೋಗಿ ನಿಲ್ಲಬಹುದಿತ್ತು. ನಾಲ್ಕೇ ಮಾರು. ಅವಳು ನೆರಳಿಗೆ ಬರಲಾಗದಿದ್ದರೆ ನಾನು ಬಿಸಿಲಿಗೆ ಹೋಗುವುದನ್ನು ಯಾರೂ ಹಿಡಿದು ನಿಲ್ಲಿಸುತ್ತಿರಲಿಲ್ಲ. ಉಡಿಯಲ್ಲಿ ಅಕ್ಕಿ ತುಂಬಿತ್ತು. ಎದ್ದರೆ ಚೆಲ್ಲುತ್ತದೆ, ಉಡಿಯಕ್ಕಿ ನೆಲಕ್ಕೆ ಚೆಲ್ಲಬಾರದು ಎಂದು ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕುಳಿತೇ ಇದ್ದೆ.